ಊರಿಗೊಂದು ದೋಣಿ: ಡೆಟ್ರಾಯಿಟಿನಿಂದ ಮ್ಯಾಡಿಸನ್‌ವರೆಗೆ

ಗುರುವಾರ

ಡೆಟ್ರಾಯಿಟ್ ಪೇಟೆಯ ನದೀತೀರದಲ್ಲಿ ನಿಂತು ದಕ್ಷಿಣಕ್ಕೆ ಮುಖ ಮಾಡಿದರೆ ಎದುರಿಗೆ ಕಾಣುವುದು ಕೆನಡಾದ ವಿಂಡ್ಸರ್. ಭೂಪಟ ಬಲ್ಲವರಿಗೂ ಇದನ್ನು ಒಪ್ಪಿಕೊಳ್ಳಲು ಒಂದು ಗಳಿಗೆ ಬೇಕಾಗುತ್ತದೆ. ಎರಡು ದೇಶಗಳ ನಡುವೆ ಹರಿಯುವ ಡೆಟ್ರಾಯಿಟ್ ನದಿ ಆ ಬೆಳಿಗ್ಗೆ ಸಾಧುವಾಗಿತ್ತು. ಅದಿರು ಹೊತ್ತ ಉದ್ದನೆಯ ಹಡಗೊಂದು ಅವಸರವಿಲ್ಲದೆ ಸಾಗಿತ್ತು. ದೋಣಿ ಓಡಿಸುವ ಹುಚ್ಚು ನೂರು ವರ್ಷಗಳ ಹಿಂದೆಯೇ ಹಿಡಿದ ನದಿ ಇದು. ಆ ಹುಚ್ಚು ಇಲ್ಲಿಂದ ಐನೂರು ಕಿಲೋಮೀಟರಿಗೂ ದೂರದ ಇನ್ನೊಂದು ನದಿಯ ದಡದ ಪುಟ್ಟ ಊರಿಗೆ ಹೇಗೆ ಅಂಟಿತು ಎಂದು ನೋಡುವುದಕ್ಕಾಗಿಯೇ ನಾವು ಹೊರಟದ್ದು.

ಅಕ್ಕ, ಭಾವ ಡೆಟ್ರಾಯಿಟಿನ ಹೊರವಲಯದಲ್ಲಿ ನೆಲೆಸಿ ಬಹಳ ಕಾಲವಾಯಿತು. ಕಾರು ಕಂಪನಿಗಳ ಈ ಸೀಮೆಗೆ ನಮ್ಮ ಕಡೆಯ ಎಂಜಿನಿಯರುಗಳು ಬಂದು ಸೇರುವುದು ಹಳೆಯ ಕಥೆ. ಇಲ್ಲಿನ ಕನ್ನಡ ಕೂಟಕ್ಕೆ ಪಂಪನ ಹೆಸರೇ ಇದೆ. ಭಾವನ ಕೆಲಸವೂ ಎಂಜಿನ್ನುಗಳದ್ದೇ. ಅಡುಗೆಮನೆಯ ಮಿಕ್ಸಿ ಸ್ವರ ಬದಲಿಸಿದರೆ ಸಾಕು, ಪತ್ರಿಕೆಯಿಂದ ತಲೆ ಎತ್ತದೆಯೇ "ಬೇರಿಂಗ್ ಹೋಗಿದೆ" ಎನ್ನುವ ಮನುಷ್ಯ. "ಜುಲೈ ನಾಲ್ಕರ ರಜೆಗೆ ನಯಾಗರಾ ಬೇಡ ಮಾರಾಯ, ಅದನ್ನು ಎಲ್ಲರೂ ನೋಡುತ್ತಾರೆ. ನಿನಗೆ ನೀರಿನ ಮೇಲೆ ಹಾರುವ ದೋಣಿ ತೋರಿಸುತ್ತೇನೆ" ಎಂದು ಅವರು ಹೇಳಿದಾಗ ಅಕ್ಕ ನನ್ನ ಕಡೆ ಕನಿಕರದಿಂದ ನೋಡಿದ್ದಳು.

ಮೊದಲು ಹೋದದ್ದು ಬೆಲ್ ಐಲ್ ಎಂಬ ದ್ವೀಪಕ್ಕೆ. ನದಿಯ ನಡುವೆ ಸುಮಾರು ಸಾವಿರ ಎಕರೆಯಷ್ಟು ಹರಡಿಕೊಂಡ ಉದ್ಯಾನ ಅದು. ಅಲ್ಲಿರುವ ಡಾಸಿನ್ ಗ್ರೇಟ್ ಲೇಕ್ಸ್ ವಸ್ತುಸಂಗ್ರಹಾಲಯದ ಬಾಗಿಲು ಆ ದಿನ ಮುಚ್ಚಿತ್ತು. ಅದರಿಂದ ನಮಗೆ ನಷ್ಟವೇನೂ ಆಗಲಿಲ್ಲ, ಏಕೆಂದರೆ ನೋಡಬೇಕಿದ್ದ 'ಮಿಸ್ ಪೆಪ್ಸಿ' ಎಂಬ ಹಳೆಯ ಸ್ಪರ್ಧೆಯ ದೋಣಿ ಹೊರಗಡೆಯೇ, ಗಾಜಿನ ಮನೆಯೊಂದರಲ್ಲಿ ಕುಳಿತಿತ್ತು. ಮುಟ್ಟಲು ಬಾರದು, ಮೂಗು ಒತ್ತಿ ನೋಡಬಹುದು. ಮಹಾಗನಿ ಮರದ ಮೈ, ಜೇನಿನ ಬಣ್ಣದ ವಾರ್ನಿಶ್. ನನ್ನ ಕಲ್ಪನೆಯಲ್ಲಿದ್ದ ಸ್ಪರ್ಧೆಯ ದೋಣಿಗಿಂತ ಎಷ್ಟೋ ಉದ್ದ. ಒಂದರ ಹಿಂದೊಂದು ಜೋಡಿಸಿದ ಎರಡು ಆಲಿಸನ್ ವಿಮಾನ ಎಂಜಿನ್ನುಗಳು ಅದರೊಳಗೆ ಇದ್ದವು ಎಂದರೆ ಉದ್ದದ ಕಾರಣ ತಿಳಿಯುತ್ತದೆ. ಡೆಟ್ರಾಯಿಟಿನಲ್ಲಿ ತಂಪುಪಾನೀಯ ಬಾಟಲಿಗೆ ತುಂಬಿಸುವ ವ್ಯಾಪಾರ ಮಾಡುತ್ತಿದ್ದ ಡಾಸಿನ್ ಸಹೋದರರು 1950ರಲ್ಲಿ ಇದನ್ನು ನೀರಿಗಿಳಿಸಿದರು. ಓಡಿಸುತ್ತಿದ್ದವರು ಚಕ್ ಥಾಂಪ್ಸನ್. 1966ರ ಜುಲೈಯಲ್ಲಿ ಬೇರೊಂದು ದೋಣಿಯಲ್ಲಿ ಸ್ಪರ್ಧಿಸುವಾಗ ಇದೇ ನದಿಯಲ್ಲಿ ಅವರ ಪ್ರಾಣ ಹೋಯಿತು. ಅದಕ್ಕೆ ಎರಡು ವಾರ ಮುಂಚೆ ರಾಜಧಾನಿ ವಾಷಿಂಗ್ಟನ್‌ನಲ್ಲಿ ಒಂದೇ ಭಾನುವಾರ ಮೂವರು ಚಾಲಕರು ಸತ್ತಿದ್ದರು: ರಾನ್ ಮಸ್ಸನ್, ರೆಕ್ಸ್ ಮ್ಯಾಂಚೆಸ್ಟರ್, ಡಾನ್ ವಿಲ್ಸನ್. ಮೂರು ಸಾವಿನ ಸುದ್ದಿ ಕೇಳಿಯೂ ಎರಡು ವಾರಕ್ಕೆ ಮತ್ತೆ ಅದೇ ಆಸನದಲ್ಲಿ ಕುಳಿತುಕೊಳ್ಳುವುದು ಧೈರ್ಯವೋ ಮೊಂಡುತನವೋ ನನಗೆ ಗೊತ್ತಾಗುವುದಿಲ್ಲ.

ಹೈಡ್ರೋಪ್ಲೇನ್ ಎಂದರೆ ವೇಗ ಹಿಡಿದ ಮೇಲೆ ನೀರನ್ನು ಸೀಳದೆ ನೀರಿನ ಮೇಲೆ ಜಾರುವ ದೋಣಿ. ಮೈಯ ಬಹುಪಾಲು ಗಾಳಿಯಲ್ಲಿರುತ್ತದೆ. ನೀರಿಗೆ ಅಂಟಿಕೊಂಡಿರುವ ಭಾಗ ಕಡಿಮೆಯಾದಷ್ಟೂ ತಡೆ ಕಡಿಮೆ, ತಡೆ ಕಡಿಮೆಯಾದಷ್ಟೂ ವೇಗ ಹೆಚ್ಚು. ಇಡೀ ಶತಮಾನದ ಇತಿಹಾಸ ಈ ಒಂದು ವಾಕ್ಯದ ಬೆನ್ನು ಹತ್ತಿದ್ದೇ.

ಅಮೆರಿಕದಲ್ಲಿ ಈ ಆಟದ ಅತಿ ಹಳೆಯ ಬಹುಮಾನ ಗೋಲ್ಡ್ ಕಪ್. 1904ರಲ್ಲಿ ನ್ಯೂಯಾರ್ಕಿನ ಹಡ್ಸನ್ ನದಿಯಲ್ಲಿ ಮೊದಲ ಬಾರಿ ನಡೆದಾಗ ಗೆದ್ದ 'ಸ್ಟ್ಯಾಂಡರ್ಡ್' ಎಂಬ ದೋಣಿಯ ವೇಗ ಗಂಟೆಗೆ ಸುಮಾರು 23 ಮೈಲಿ, ಎಂದರೆ 37 ಕಿಲೋಮೀಟರು. ನಮ್ಮ ಊರಿನ ಲಡಕಾಸಿ ಸ್ಕೂಟರು ಅದನ್ನು ಹಿಂದಿಕ್ಕುತ್ತದೆ. ಆಗಿನ ನಿಯಮ ಸರಳ: ಈ ವರ್ಷ ಗೆದ್ದವರ ಊರಿನಲ್ಲಿ ಮುಂದಿನ ವರ್ಷದ ಸ್ಪರ್ಧೆ. 1915ರಲ್ಲಿ 'ಮಿಸ್ ಡೆಟ್ರಾಯಿಟ್' ಎಂಬ ದೋಣಿ ನ್ಯೂಯಾರ್ಕ್ ಬಳಿ ಗೆದ್ದು ಕಪ್ಪನ್ನು ಹೊತ್ತು ತಂದಿತು, ಹಾಗಾಗಿ 1916ರಲ್ಲಿ ಸ್ಪರ್ಧೆ ಈ ನದಿಗೆ ಬಂತು. ಇಲ್ಲಿ ಒಂದು ವಿಷಯ ಗಮನಿಸಬೇಕು. ಆ ದೋಣಿ ಒಬ್ಬ ಸಾಹುಕಾರನದ್ದಾಗಿರಲಿಲ್ಲ. ಊರಿನ ಆಸಕ್ತರು ಸಂಘ ಕಟ್ಟಿ, ದುಡ್ಡು ಕೂಡಿಸಿ, ಆಲ್ಗೊನಾಕ್ ಎಂಬ ಹಳ್ಳಿಯ ದೋಣಿ ಬಡಗಿ ಕ್ರಿಸ್ ಸ್ಮಿತ್ ಕೈಯಲ್ಲಿ ಕಟ್ಟಿಸಿದ್ದರು. ಗೆದ್ದ ಮೇಲೆ ಸಾಲ ತೀರಿಸಲು ಅದನ್ನು ಮಾರಬೇಕಾಯಿತು. ಕೊಂಡವರು ಗಾರ್ ವುಡ್. ಟ್ರಕ್ಕಿನ ಹಿಂಭಾಗವನ್ನು ಎತ್ತಿ ಮಣ್ಣು ಸುರಿಯುವ ಹೈಡ್ರಾಲಿಕ್ ಯಂತ್ರವನ್ನು ಕಂಡುಹಿಡಿದು ಕೋಟ್ಯಧೀಶರಾಗಿದ್ದ ಮನುಷ್ಯ. ದೋಣಿಯ ಬೆನ್ನಿಗೇ ಬಡಗಿಯ ಕಾರ್ಖಾನೆಯನ್ನೂ ಕೊಂಡರು. ಅಲ್ಲಿಂದ ಮುಂದೆ ದಶಕಗಟ್ಟಲೆ ಇದು ಹಣವಂತರ ಆಟವೇ ಆಗಿಹೋಯಿತು.

ಗಾರ್ ವುಡ್ ಬಗ್ಗೆ ಹೇಳಲು ಕುಳಿತರೆ ಭಾವ ಊಟ ಮರೆಯುತ್ತಾರೆ. 1932ರಲ್ಲಿ ನಾಲ್ಕು ಪ್ಯಾಕರ್ಡ್ ಎಂಜಿನ್ನುಗಳ 'ಮಿಸ್ ಅಮೆರಿಕ 10' ದೋಣಿಯಲ್ಲಿ ಅವರು ಗಂಟೆಗೆ 124.86 ಮೈಲಿ ಮುಟ್ಟಿದರು. ಜೊತೆಗೆ ಅದೃಷ್ಟಕ್ಕೆಂದು ದೋಣಿಯಲ್ಲಿ ಎರಡು ಕರಡಿ ಬೊಂಬೆಗಳನ್ನು ಕಟ್ಟಿಕೊಳ್ಳುತ್ತಿದ್ದರು! ಅದಕ್ಕೂ ಒಂದು ವರ್ಷ ಮುಂಚಿನ, ಎಂದರೆ 1931ರಲ್ಲಿ ದೇಶದೇಶಗಳ ನಡುವಿನ ದೋಣಿ ಸ್ಪರ್ಧೆಯಾದ ಹಾರ್ಮ್ಸ್‌ವರ್ತ್ ಟ್ರೋಫಿಯ ಪ್ರಸಂಗ ಇಂದಿಗೂ ಜಗಳಕ್ಕೆ ವಸ್ತು. ಇಂಗ್ಲೆಂಡಿನ ಕೇ ಡಾನ್ ಮೊದಲ ಸುತ್ತು ಗೆದ್ದಿದ್ದರು. ಇಕ್ಕೆಲಗಳ ದಡದಲ್ಲಿ ಲಕ್ಷಗಟ್ಟಲೆ ಜನ. ಎರಡನೆಯ ಸುತ್ತಿನಲ್ಲಿ ಗಾರ್ ವುಡ್ ಗಡಿಯಾರ ಶೂನ್ಯ ಮುಟ್ಟುವ ಮೊದಲೇ ಗೆರೆ ದಾಟಿದರು, ಅವರ ಬಾಲ ಹಿಡಿದು ಕೇ ಡಾನ್ ಕೂಡ ದಾಟಿದರು. ಇಬ್ಬರೂ ಅನರ್ಹ. ತಿರುವಿನಲ್ಲಿ ಡಾನ್ ದೋಣಿ ಮಗುಚಿತು; ಅವರು ಬದುಕಿಕೊಂಡರು. ಇನ್ನೊಂದು ದೋಣಿಯಲ್ಲಿ ಹಿಂದಿನಿಂದ ನಿಧಾನವಾಗಿ ಬಂದ ಜಾರ್ಜ್, ಗಾರ್ ವುಡ್ ಅವರ ತಮ್ಮ, ಸುತ್ತು ಮುಗಿಸಿದರು, ಟ್ರೋಫಿ ಅಮೆರಿಕದಲ್ಲೇ ಉಳಿಯಿತು. "ಬೇಕೆಂದೇ ಮಾಡಿದ್ದು" ಎಂದು ನಾನೆಂದೆ. "ಡಾನ್ ಕಣ್ಣು ಗಡಿಯಾರದ ಮೇಲಿರಬೇಕಿತ್ತು, ಗಾರ್ ವುಡ್ ಮೇಲಲ್ಲ" ಎಂದರು ಭಾವ. ಡೆಟ್ರಾಯಿಟಿನಲ್ಲಿ ಇಷ್ಟು ವರ್ಷ ಇದ್ದ ಮೇಲೆ ಅವರು ಯಾರ ಪಕ್ಷ ಎನ್ನುವುದು ಕೇಳಬೇಕಾದ ಮಾತಲ್ಲ.

ದ್ವೀಪದ ಅಂಚಿಗೆ ಹೋಗಿ ನಿಂತೆವು. ಸ್ಪರ್ಧೆಯ ನೀರು ಇದೇ, ದ್ವೀಪಕ್ಕೂ ನಗರಕ್ಕೂ ನಡುವಿನ ಕವಲು. ಒಂದು ತಿರುವು ಸೇತುವೆಯ ಬಳಿ. ಇನ್ನೊಂದು ತಿರುವಿನ ಎದುರಿಗಿರುವ ಹೋಟೆಲಿನ ಹೆಸರು ರೂಸ್ಟರ್‌ಟೇಲ್, ಹುಂಜದ ಬಾಲ. ದೋಣಿಯ ಹಿಂದೆ ಏಳುವ ನೀರಿನ ಕಮಾನಿಗೆ ಇವರು ಇಟ್ಟ ಹೆಸರು ಅದು. ಇಕ್ಕೆಲಗಳಲ್ಲಿ ಕಾಂಕ್ರೀಟು ಗೋಡೆ ಇರುವುದರಿಂದ ಎದ್ದ ಅಲೆ ದಡದಲ್ಲಿ ಸಾಯುವುದಿಲ್ಲ, ಗೋಡೆಗೆ ಬಡಿದು ವಾಪಸು ಬರುತ್ತದೆ. 1948ರ ಗೋಲ್ಡ್ ಕಪ್ಪಿಗೆ ಇಪ್ಪತ್ತಕ್ಕೂ ಹೆಚ್ಚು ದೋಣಿಗಳು ಬಂದಿದ್ದವು. ಆ ಒರಟು ನೀರಿನಲ್ಲಿ ಕೊನೆ ಮುಟ್ಟಿದ್ದು 'ಮಿಸ್ ಗ್ರೇಟ್ ಲೇಕ್ಸ್' ಒಂದೇ.

ಮಿಸ್ ಪೆಪ್ಸಿ ಹುಟ್ಟಿದ ವರ್ಷವೇ ಅಂಥ ದೋಣಿಗಳ ಕಾಲ ಮುಗಿಯತೊಡಗಿತ್ತು ಎನ್ನುವುದು ವಿಧಿಯ ಕುಚೋದ್ಯ. 1950ರ ಜೂನ್‌ನಲ್ಲಿ ಸಿಯಾಟಲ್‌ನ ಕಾರು ವ್ಯಾಪಾರಿ ಸ್ಟ್ಯಾನ್ಲಿ ಸೇಯರ್ಸ್ ತಮ್ಮ 'ಸ್ಲೋ-ಮೋ-ಶನ್ 4' ದೋಣಿಯನ್ನು ಗಂಟೆಗೆ 160 ಮೈಲಿಗೆ ಒಯ್ದರು. ಅದು ಮೂರೇ ಕಡೆ ನೀರು ಮುಟ್ಟುವ ದೋಣಿ: ಮುಂದೆ ಎಡಬಲಕ್ಕೆ ಒಂದೊಂದು ತೇಲುಪಾದ, ಹಿಂದೆ ಪ್ರೊಪೆಲರ್. ಆ ಪ್ರೊಪೆಲರ್ ಕೂಡ ಅರ್ಧ ಮಾತ್ರ ಮುಳುಗಿರುತ್ತದೆ, ಉಳಿದರ್ಧ ಗಾಳಿಯಲ್ಲಿ ತಿರುಗುತ್ತದೆ. ಅದೇ ಬೇಸಿಗೆಯಲ್ಲಿ ಅದು ಡೆಟ್ರಾಯಿಟಿಗೆ ಬಂದು ಗೋಲ್ಡ್ ಕಪ್ ಗೆದ್ದು, ಮುಂದಿನ ಸ್ಪರ್ಧೆಯನ್ನು ಸಿಯಾಟಲ್‌ಗೆ ಎಳೆದುಕೊಂಡು ಹೋಯಿತು. ಓಡಿಸಿದವರು ಅದನ್ನು ರೂಪಿಸಿದ ಟೆಡ್ ಜೋನ್ಸ್. ಇಂದಿನ ದೋಣಿಗಳೆಲ್ಲ ಅದರ ಮಕ್ಕಳು, ಮೊಮ್ಮಕ್ಕಳು.

ಶುಕ್ರವಾರ

ಐ-75 ಹೆದ್ದಾರಿಯ ಬಗ್ಗೆ ಬರೆಯುವುದಕ್ಕೆ ಹೆಚ್ಚೇನೂ ಇಲ್ಲ. ಟೊಲೀಡೊ, ಲೈಮಾ, ಡೇಟನ್, ಸಿನ್ಸಿನಾಟಿ. ನಡುವೆ ಜೋಳ, ಸೋಯಾ, ಮತ್ತೆ ಜೋಳ. ಅಕ್ಕ ಕಟ್ಟಿಕೊಟ್ಟಿದ್ದ ಪುಳಿಯೋಗರೆ ಡೇಟನ್ ಬರುವ ಮೊದಲೇ ಮುಗಿದಿತ್ತು. ಅಕ್ಕನ ಮಗ ಪ್ರಣವ ಹಿಂದಿನ ಸೀಟಿನಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಈ ಲೋಕಕ್ಕೂ ತನಗೂ ಸಂಬಂಧವಿಲ್ಲ ಎಂಬಂತೆ ಕುಳಿತಿದ್ದ.

ದಾರಿಯುದ್ದಕ್ಕೂ ಭಾವ ಹೇಳಿದ್ದರಲ್ಲಿ ಒಂದು ಮಾತು ತಲೆಯಲ್ಲಿ ನಿಂತಿತು. ಎರಡನೆಯ ಮಹಾಯುದ್ಧ ಮುಗಿದಾಗ ಯುದ್ಧವಿಮಾನಗಳಿಗೆಂದು ತಯಾರಾದ ಆಲಿಸನ್ ಎಂಜಿನ್ನುಗಳು ರಾಶಿರಾಶಿಯಾಗಿ ಉಳಿದುಹೋದವು. ಹನ್ನೆರಡು ಸಿಲಿಂಡರು, 28 ಲೀಟರು, ಸಾವಿರಕ್ಕೂ ಹೆಚ್ಚು ಅಶ್ವಶಕ್ತಿ. ಸರ್ಕಾರ ಅವುಗಳನ್ನು ಗುಜರಿ ಬೆಲೆಗೆ ಹೊರಹಾಕಿತು. ಅದುವರೆಗೆ ಗಾರ್ ವುಡ್‌ನಂಥವರಿಗೆ ಮಾತ್ರ ಎಟುಕುತ್ತಿದ್ದ ಶಕ್ತಿ ಸಾಮಾನ್ಯ ಮೆಕ್ಯಾನಿಕ್‌ಗಳ ಕೈಗೂ ಸಿಕ್ಕಿತು. ಇದಾಗದೇ ಇದ್ದಿದ್ದರೆ ನಾಳೆ ನೋಡಲಿರುವ ಊರಿಗೆ ದೋಣಿ ಇಟ್ಟುಕೊಳ್ಳುವ ಕನಸೂ ಬೀಳುತ್ತಿರಲಿಲ್ಲ.

ಸಿನ್ಸಿನಾಟಿಯಲ್ಲಿ ಒಹಾಯೊ ನದಿ ದಾಟಿ ಕೆಂಟಕಿ ರಾಜ್ಯಕ್ಕೆ ಬಂದೆವು. ಪಿಟ್ಸ್‌ಬರ್ಗ್‌ನಲ್ಲಿ ಹುಟ್ಟಿ 981 ಮೈಲಿ ಹರಿದು ಮಿಸಿಸಿಪ್ಪಿ ಸೇರುವ ನದಿ ಇದು. ರೆಗಾಟಾ, ಎಂದರೆ ದೋಣಿ ಸ್ಪರ್ಧೆಗಳ ಹಬ್ಬ, ನಡೆಯುವ ವಾರದಲ್ಲಿ ಮ್ಯಾಡಿಸನ್‌ನಲ್ಲಿ ಕೋಣೆ ಸಿಗುವುದು ಕಷ್ಟ ಎಂದು ಮೊದಲೇ ತಿಳಿದಿದ್ದರಿಂದ ಕ್ಯಾರಲ್‌ಟನ್‌ನ ಒಂದು ಮೋಟೆಲಿನಲ್ಲಿ ಉಳಿದುಕೊಂಡೆವು. ಸೆಕೆ ಎಂದರೆ ಮಂಗಳೂರಿನ ಮೇ ತಿಂಗಳಿನ ಸೆಕೆ. ನನಗೆ ಊರಿಗೆ ಬಂದ ಹಾಗಾಯಿತು, ಪ್ರಣವನಿಗೆ ಮಾತ್ರ ಎಸಿ ಮುಂದಿನಿಂದ ಏಳಲಾಗಲಿಲ್ಲ.

ಶನಿವಾರ

ಬೆಳಿಗ್ಗೆ ನದಿಯ ಬದಿಯ ರಸ್ತೆ ಹಿಡಿದು ಮಿಲ್ಟನ್‌ಗೆ, ಅಲ್ಲಿಂದ ಸೇತುವೆ ದಾಟಿ ಇಂಡಿಯಾನಾ ರಾಜ್ಯದ ಮ್ಯಾಡಿಸನ್‌ಗೆ. ಈ ಸೇತುವೆ ಭಾವನ ಪಟ್ಟಿಯಲ್ಲಿ ಬೇರೆಯೇ ದರ್ಶನೀಯ ಸ್ಥಳ. 1929ರ ಹಳೆಯ ಸೇತುವೆಯ ಪಕ್ಕದಲ್ಲಿ ತಾತ್ಕಾಲಿಕ ಕಂಬಗಳ ಮೇಲೆ ಹೊಸ ಸೇತುವೆ ಕಟ್ಟಿ, ಹಳೆಯದನ್ನು ಕೆಡವಿ, ಅದರ ಕಂಬಗಳನ್ನು ಬಲಪಡಿಸಿ, 2014ರ ಏಪ್ರಿಲ್‌ನಲ್ಲಿ ಸುಮಾರು 740 ಮೀಟರು ಉದ್ದದ ಇಡೀ ಉಕ್ಕಿನ ಹಂದರವನ್ನು ಪಕ್ಕಕ್ಕೆ ಜಾರಿಸಿ ಕೂರಿಸಿದರು. ಈ ಊರಿಗೆ ಜಾರಿಸುವ ವಿದ್ಯೆ ಒಲಿದಿದೆ ಎಂದೆ. ಭಾವನಿಗೆ ನಗು ಬರಲಿಲ್ಲ.

ಹನ್ನೆರಡು ಸಾವಿರ ಚಿಲ್ಲರೆ ಜನಸಂಖ್ಯೆಯ ಮ್ಯಾಡಿಸನ್ ಒಂದು ಕಾಲಕ್ಕೆ ಇಂಡಿಯಾನಾದ ದೊಡ್ಡ ಪಟ್ಟಣಗಳಲ್ಲಿ ಒಂದು. ಆವಿ ಹಡಗುಗಳ ಕಾಲದಲ್ಲಿ ನದಿಯೇ ಹೆದ್ದಾರಿ. ರೈಲು ಬೇರೆ ಊರುಗಳ ಕೈ ಹಿಡಿಯಿತು, ಮ್ಯಾಡಿಸನ್ ಇದ್ದಲ್ಲೇ ಉಳಿಯಿತು. ಹಳೆಯ ಮನೆಗಳನ್ನು ಕೆಡವಿ ಹೊಸದು ಕಟ್ಟುವಷ್ಟು ದುಡ್ಡು ಯಾರ ಬಳಿಯೂ ಇಲ್ಲದ್ದರಿಂದ ಹತ್ತೊಂಬತ್ತನೆಯ ಶತಮಾನದ ಇಟ್ಟಿಗೆ ಮನೆಗಳು ಬೀದಿಬೀದಿಯೇ ಹಾಗೆಯೇ ನಿಂತಿವೆ. ಬಡತನ ಕಾಪಾಡಿದ ಚೆಲುವು. 1844ರಲ್ಲಿ ಕಟ್ಟಿಸಿದ ಲಾನಿಯರ್ ಎಂಬ ಬ್ಯಾಂಕರನ ಮಹಲು ನದಿಗೆ ಮುಖ ಮಾಡಿದೆ. ಅಂತರ್ಯುದ್ಧದಲ್ಲಿ ರಾಜ್ಯದ ಖಜಾನೆ ಬರಿದಾದಾಗ ಹತ್ತು ಲಕ್ಷ ಡಾಲರಿಗೂ ಮೀರಿ ಸಾಲ ಕೊಟ್ಟವನು ಅವನು. ನಾವು ಮಹಲಿನೊಳಗೆ ಹೋಗಲಿಲ್ಲ. ಅಷ್ಟರಲ್ಲಿ ನದಿಯ ಕಡೆಯಿಂದ ಮೊದಲ ಸದ್ದು ಬಂದಿತ್ತು.

ದಡದ ರಸ್ತೆಯ ಮೇಲೆಯೇ ತಂಡಗಳ ಬಿಡಾರ. ಉದ್ದುದ್ದ ಟ್ರೇಲರುಗಳು, ಅವುಗಳ ಮುಂದೆ ಶಾಮಿಯಾನ, ಕ್ರೇನಿಗೆ ನೇತುಬಿದ್ದ ದೋಣಿಗಳು. ನೀರಿನಲ್ಲಿ ಇಲಿಮರಿಯಂತೆ ಕಾಣುವ ದೋಣಿ ನೆಲದ ಮೇಲೆ ಮನೆಯಷ್ಟು ಅಗಲ. ಒಬ್ಬಳು ಯುವತಿ ಪ್ರೊಪೆಲರನ್ನು ಮರದ ಹಲಗೆಯ ಮೇಲೆ ಇಟ್ಟುಕೊಂಡು ಸಣ್ಣ ಅರದಿಂದ ಉಜ್ಜುತ್ತಿದ್ದಳು. ಮೂರು ಅಲಗು, ಊಟದ ತಟ್ಟೆಗಿಂತ ಸ್ವಲ್ಪ ದೊಡ್ಡದು, ಕನ್ನಡಿಯಂಥ ಹೊಳಪು. ಬೆಳಗಿನ ಓಟದಲ್ಲಿ ತೇಲಿ ಬಂದ ಕಡ್ಡಿಯೊಂದು ಬಡಿದು ಒಂದು ಅಲಗಿನ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಕಚ್ಚು ಬಿದ್ದಿತ್ತು. ನಾಲ್ಕು ಸಲ ಅರ ಎಳೆಯುವುದು, ಹೆಬ್ಬೆರಳಿನ ಉಗುರನ್ನು ಅಂಚಿನ ಮೇಲೆ ಸವರುವುದು, ಮತ್ತೆ ನಾಲ್ಕು ಸಲ ಎಳೆಯುವುದು. ಉಗುರಿಗೆ ಏನೂ ತಡೆಯದಿದ್ದಾಗ ಬಟ್ಟೆಯಿಂದ ಒರೆಸಿ ಪೆಟ್ಟಿಗೆಯಲ್ಲಿಟ್ಟಳು. ಈ ಪುಟ್ಟ ಲೋಹದ ಹೂವಿನ ಮೂಲಕವೇ ಸುಮಾರು ಮೂರು ಸಾವಿರ ಅಶ್ವಶಕ್ತಿ ನೀರಿಗೆ ಇಳಿಯುತ್ತದೆ ಎಂದರೆ ಆ ಅಕ್ಕಿಕಾಳಿನ ಚಿಂತೆ ಅರ್ಥವಾಗುತ್ತದೆ. ಮೂರು ಟನ್ನಿನ ದೋಣಿ ಗಂಟೆಗೆ ಮುನ್ನೂರು ಕಿಲೋಮೀಟರಿನ ಆಚೀಚೆ ಓಡುತ್ತಿರುವಾಗ ಒಂದು ಅಲಗು ಮುರಿದರೆ ಏನಾದೀತು ಎಂದು ಕೇಳುವ ಧೈರ್ಯ ಆಗಲಿಲ್ಲ.

ಈಗಿನ ಎಂಜಿನ್ನು ಹಳೆಯ ಆಲಿಸನ್ ಅಲ್ಲ. ಚಿನೂಕ್ ಹೆಲಿಕಾಪ್ಟರಿನಲ್ಲಿದ್ದ ಲೈಕಮಿಂಗ್ ಟರ್ಬೈನ್. 1980ರ ದಶಕದಲ್ಲಿ ಅದು ಬಂದ ಮೇಲೆ ಪಿಸ್ಟನ್ ಎಂಜಿನ್ನುಗಳ ಗುಡುಗು ಒಂದೊಂದಾಗಿ ಅಡಗಿತು. ಚಾಲಕನ ತಲೆಯ ಮೇಲಿರುವ ಗಾಜಿನ ಮುಚ್ಚಳವೂ ವಿಮಾನದಿಂದ ಬಂದದ್ದೇ: 1986ರಲ್ಲಿ ಎಫ್-16 ಯುದ್ಧವಿಮಾನದ ಮುಚ್ಚಳವನ್ನು 'ಮಿಸ್ ಬಡ್‌ವೈಸರ್' ದೋಣಿಗೆ ಅಳವಡಿಸಿದರು. ಅದಕ್ಕೆ ಮುಂಚೆ ತೆರೆದ ಆಸನ. ಎಂಟು ಗೋಲ್ಡ್ ಕಪ್ ಗೆದ್ದ ಬಿಲ್ ಮನ್ಸಿ 1981ರಲ್ಲಿ ಮೆಕ್ಸಿಕೋದ ಅಕಾಪುಲ್ಕೊದಲ್ಲಿ, ಮರುವರ್ಷ ಡೀನ್ ಚೆನೊವೆತ್ ಕೊಲಂಬಿಯಾ ನದಿಯಲ್ಲಿ ಸತ್ತದ್ದು ದೋಣಿಯ ಮೂಗಿನಡಿ ಗಾಳಿ ಹೊಕ್ಕು ಹಿಂದಕ್ಕೆ ಮಗುಚಿದ್ದರಿಂದ. ಈಗಲೂ ದೋಣಿಗಳು ಮಗುಚುತ್ತವೆ. ಚಾಲಕರು ಹೆಚ್ಚಾಗಿ ಬದುಕುತ್ತಾರೆ. ಆಸನದಲ್ಲಿ ಆಮ್ಲಜನಕವಿದೆ, ತಲೆಕೆಳಗಾದಾಗ ಹೊರಬರಲು ತಳದಲ್ಲೊಂದು ಬಾಗಿಲಿದೆ.

ಮಧ್ಯಾಹ್ನ ಅರ್ಹತೆಯ ಸುತ್ತುಗಳು. ಎರಡೂವರೆ ಮೈಲಿಯ ಅಂಡಾಕಾರದ ಹಾದಿ, ಕಿತ್ತಳೆ ಬಣ್ಣದ ತೇಲುಗುರುತುಗಳು, ತಿರುವೆಲ್ಲ ಎಡಕ್ಕೇ. ಮೊದಲ ದೋಣಿ ನಮ್ಮ ಮುಂದೆ ಹಾದುಹೋದಾಗ ನಾನು ದೋಣಿಯನ್ನು ನೋಡಲೇ ಇಲ್ಲ, ಅದರ ಹಿಂದೆ ಎದ್ದ ನೀರನ್ನು ನೋಡಿದೆ. ನಮ್ಮ ಕಂಬಳದಲ್ಲಿ ಕನೆಹಲಗೆಯ ಸ್ಪರ್ಧೆ ನೋಡಿದವರಿಗೆ ಮಾತ್ರ ಈ ಹುಚ್ಚು ಚೆನ್ನಾಗಿ ತಿಳಿದೀತು: ಅಲ್ಲಿ ಕೋಣಗಳು ಎಷ್ಟು ಬೇಗ ಓಡಿದವು ಎನ್ನುವುದಕ್ಕಿಂತ ಹಲಗೆಯ ತೂತಿನಿಂದ ಚಿಮ್ಮಿದ ನೀರು ಮೇಲೆ ಕಟ್ಟಿದ ನಿಶಾನೆ ಮುಟ್ಟಿತೇ ಎನ್ನುವುದೇ ಮುಖ್ಯ. ಇಲ್ಲಿ ನೀರು ಐದಾರು ಅಂತಸ್ತಿನ ಎತ್ತರಕ್ಕೆ ಎದ್ದು, ಬಿಸಿಲಿನಲ್ಲಿ ಕಾಮನಬಿಲ್ಲು ತೋರಿಸಿ, ದೋಣಿ ತಿರುವು ಮುಟ್ಟಿದ ಮೇಲೆ ಸಾವಕಾಶವಾಗಿ ಕೆಳಗಿಳಿಯಿತು. ಪ್ರಣವ ಹೆಡ್‌ಫೋನ್ ಕಿತ್ತು ಕೈಯಲ್ಲಿ ಹಿಡಿದಿದ್ದ. "ಮಾಮ, ಇನ್ನೊಂದು ಬರುತ್ತದೆಯಾ?"

ಭಾನುವಾರ

ಬೆಳಿಗ್ಗೆ ಬೇಗ ಹೋಗಿ ಮರದ ನೆರಳು ಹಿಡಿದೆವು. ಪಕ್ಕದಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕುಳಿತಿದ್ದ ಹಿರಿಯರು ಊರಿನವರೇ. ನಾವು ಎಲ್ಲಿಂದ ಬಂದವರು ಎಂದು ವಿಚಾರಿಸಿಕೊಂಡ ಮೇಲೆ, ನಾವು ಕೇಳದಿದ್ದರೂ 1971ರ ಕಥೆ ಶುರು ಮಾಡಿದರು. ಮ್ಯಾಡಿಸನ್‌ನಲ್ಲಿ ಅದನ್ನು ಹೇಳದೆ ಯಾರನ್ನೂ ಕಳಿಸುವುದಿಲ್ಲವಂತೆ.

ಈ ದಡದಲ್ಲಿ ದೋಣಿಗಳ ಪೈಪೋಟಿ ಎರಡನೆಯ ಮಹಾಯುದ್ಧಕ್ಕೂ ಮೊದಲೇ ಇತ್ತು. 1937ರ ಜನವರಿಯ ಮಹಾಪ್ರವಾಹ ಒಹಾಯೊ ಕಣಿವೆಯ ಊರುಗಳನ್ನೆಲ್ಲ ಮುಳುಗಿಸಿತು, ಬೆನ್ನಿಗೇ ಯುದ್ಧ ಬಂತು. ಶಾಂತಿ ಬಂದ ಮೇಲೆ ರೆಗಾಟಾ ಮತ್ತೆ ಚಿಗುರಿ 1951ರಿಂದ ಇಂಡಿಯಾನಾ ಗವರ್ನರ್ಸ್ ಕಪ್ ಹೆಸರಿನಲ್ಲಿ ದೊಡ್ಡ ದೋಣಿಗಳು ಬರತೊಡಗಿದವು. ಆದರೆ ಓಡುವ ದೋಣಿಗಳೆಲ್ಲ ಹೊರಗಿನವರವು, ಮ್ಯಾಡಿಸನ್ನಿಗರು ಚಪ್ಪಾಳೆ ತಟ್ಟುವವರು ಮಾತ್ರ. 1960ರಲ್ಲಿ ಸ್ಯಾಮ್ಯುಯೆಲ್ ಡುಪಾಂಟ್ ಎಂಬ ಉದ್ಯಮಿ ತಮ್ಮ 'ನೈಟ್ರೋಜನ್' ದೋಣಿಯನ್ನು ಊರಿಗೇ ಕೊಟ್ಟುಬಿಟ್ಟರು. 1961ರಲ್ಲಿ ಅದು 'ಮಿಸ್ ಮ್ಯಾಡಿಸನ್' ಎಂಬ ಹೆಸರು ಹೊತ್ತು ಸ್ಪರ್ಧೆಗಿಳಿಯಿತು. ಇಡೀ ದೇಶದಲ್ಲಿ ಊರಿನವರೆಲ್ಲ ಸೇರಿ ಸಾಕಿದ ಇಂಥ ದೋಣಿ ಅದೊಂದೇ. 1963ರಲ್ಲಿ ಡೆಟ್ರಾಯಿಟ್ ನದಿಯಲ್ಲಿ ಅದು ಚೂರುಚೂರಾದಾಗ ಕೈಚೆಲ್ಲಿ ಕೂರುವ ಬದಲು ಡುಪಾಂಟರ ಇನ್ನೊಂದು ದೋಣಿ 'ನೈಟ್ರೋಜನ್ ಟೂ' ತಂದು ಅದೇ ಹೆಸರು ಬಳಿದರು.

"ನಮ್ಮಪ್ಪ ಹತ್ತು ಡಾಲರ್ ಕೊಟ್ಟಿದ್ದರು. ಸಾಯುವವರೆಗೂ ಅದರ ಮಾಲೀಕರ ಹಾಗೆಯೇ ಮಾತನಾಡುತ್ತಿದ್ದರು" ಎಂದರು ಹಿರಿಯರು.

ಗೋಲ್ಡ್ ಕಪ್ ಎಲ್ಲಿ ನಡೆಯಬೇಕು ಎನ್ನುವುದು ಆ ಹೊತ್ತಿಗೆ ಗೆದ್ದವರ ಊರಿನ ಹಕ್ಕಾಗಿ ಉಳಿದಿರಲಿಲ್ಲ. ಹೆಚ್ಚು ಬಹುಮಾನದ ಹಣ ಕೂಗಿದ ಊರಿಗೆ ಸಿಗುತ್ತಿತ್ತು. 1971ಕ್ಕೆ ಮ್ಯಾಡಿಸನ್ 30,000 ಡಾಲರ್ ಕೂಗಿತು. ದೊಡ್ಡ ನಗರಗಳ ಮುಂದೆ ಆ ಮೊತ್ತಕ್ಕೆ ಬೆಲೆಯೇ ಇಲ್ಲ. ಆದರೆ ಗಡುವಿನೊಳಗೆ ಬಂದ ಅರ್ಜಿ ಇದೊಂದೇ! ದೊಡ್ಡವರು ತಡ ಮಾಡಿದ್ದರು. ಹೀಗೆ ಅಮೆರಿಕದ ಅತಿ ಹಳೆಯ ಮೋಟಾರು ದೋಣಿ ಸ್ಪರ್ಧೆ ಹದಿಮೂರು ಸಾವಿರ ಜನರ ಊರಿನ ಮನೆ ಬಾಗಿಲಿಗೆ ಬಂತು.

ಮನೆಯ ದೋಣಿಯ ಸ್ಥಿತಿ ಮಾತ್ರ ಹೇಳಿಕೊಳ್ಳುವ ಹಾಗಿರಲಿಲ್ಲ. ಹನ್ನೊಂದು ವರ್ಷ ಹಳತು, ಎಷ್ಟೋ ವರ್ಷಗಳಿಂದ ಒಂದು ಗೆಲುವಿಲ್ಲ, ಎಂಜಿನ್ನು ಒಂದೇ ಒಂದು ಆಲಿಸನ್. ಎದುರಾಳಿಗಳಲ್ಲಿ ರೋಲ್ಸ್-ರಾಯ್ಸ್ ಮರ್ಲಿನ್ ಎಂಜಿನ್ನಿನ ದೋಣಿಗಳಿದ್ದವು, ಸಂಬಳದ ಮೆಕ್ಯಾನಿಕ್‌ಗಳಿದ್ದರು. ಇವರದು ಹಗಲು ಬೇರೆ ನೌಕರಿ ಮಾಡಿ ಸಂಜೆ ಬಂದು ನಟ್ಟು ತಿರುಗಿಸುವ ಬಳಗ. ಚಾಲಕ ಜಿಮ್ ಮೆಕಾರ್ಮಿಕ್, ಇದೇ ನದಿಯ ಕೆಳಗಿನ ಕೆಂಟಕಿಯ ಓವೆನ್ಸ್‌ಬರೊದವರು. ಸ್ಪರ್ಧೆಗೆ ಮುಂಚೆ ಫ್ಲಾರಿಡಾದಿಂದ ಇಬ್ಬರು ಎಂಜಿನ್ ತಜ್ಞರು, ಹ್ಯಾರಿ ವೋಲ್ಪಿ ಮತ್ತು ಎವರೆಟ್ ಆಡಮ್ಸ್, ಬಂದು ಕೈಜೋಡಿಸಿದರು. ಸೂಪರ್‌ಚಾರ್ಜರ್ ಒತ್ತಿ ಕಳಿಸುವ ಬಿಸಿ ಗಾಳಿಗೆ ನೀರು ಮತ್ತು ಆಲ್ಕೊಹಾಲಿನ ಮಿಶ್ರಣ ಸಿಂಪಡಿಸುವ ಏರ್ಪಾಡು ಅವರದು. ಗಾಳಿ ತಂಪಾದರೆ ಎಂಜಿನ್ನು ಸಿಡಿಯದೆ ಇನ್ನಷ್ಟು ಒತ್ತಡ ತಡೆದುಕೊಳ್ಳುತ್ತದೆ. ಯುದ್ಧವಿಮಾನಗಳಲ್ಲಿ ಬಳಸಿದ ಉಪಾಯವೇ. ಇದನ್ನು ಭಾವ ನನಗೆ ಬಿಡಿಸಿ ಹೇಳುತ್ತಿರುವಾಗ ಹಿರಿಯರು ತಲೆಯಾಡಿಸಿ, "ಅದೆಲ್ಲ ಸರಿ, ಆದರೆ ಗೆಲ್ಲಿಸಿದ್ದು ಜಿಮ್‌ನ ಬಲಗಾಲು" ಎಂದರು. ವೇಗ ಹೆಚ್ಚಿಸುವ ಪೆಡಲಿನ ಮೇಲಿನ ಕಾಲು.

ಜುಲೈ 4, 1971. ಒಂದು ಲಕ್ಷಕ್ಕೂ ಹೆಚ್ಚು ಜನ ಎಂದು ಅಂದಿನ ಅಂದಾಜು. ಎಬಿಸಿ ದೂರದರ್ಶನದ ಕ್ಯಾಮೆರಾಗಳು ಬಂದಿದ್ದವು. ನಾಲ್ಕು ಸುತ್ತಿನ ಹಣಾಹಣಿ, ಪ್ರತಿ ಸುತ್ತೂ ಹದಿನೈದು ಮೈಲಿ. ಕೊನೆಯ ಸುತ್ತಿಗೆ ಬರುವಾಗ ಟೆರ್ರಿ ಸ್ಟೆರೆಟ್ ಓಡಿಸುತ್ತಿದ್ದ 'ಅಟ್ಲಾಸ್ ವ್ಯಾನ್ ಲೈನ್ಸ್' ದೋಣಿಯೇ ಮುಖ್ಯ ಎದುರಾಳಿ. ಮಿಸ್ ಮ್ಯಾಡಿಸನ್ ಮುನ್ನಡೆ ಹಿಡಿದದ್ದನ್ನು ಬಿಟ್ಟುಕೊಡಲಿಲ್ಲ. ಗೆರೆ ದಾಟಿದಾಗ ಊರಿಗೆ ಊರೇ ನದಿಗೆ ಇಳಿಯಿತು ಎಂದು ಹಿರಿಯರು ಹೇಳಿದರು. ಅವರೂ ಇಳಿದವರಲ್ಲಿ ಒಬ್ಬರು, ಹೊಸ ಬೂಟು ಹಾಕಿಕೊಂಡೇ. ಆಕಸ್ಮಿಕ ಎಂದವರಿಗೆ ಉತ್ತರವಾಗಿ ಮೂರು ವಾರಗಳ ಬಳಿಕ ವಾಷಿಂಗ್ಟನ್ ರಾಜ್ಯದ ಟ್ರೈ-ಸಿಟೀಸ್‌ನಲ್ಲಿ ಅಟಾಮಿಕ್ ಕಪ್ಪನ್ನೂ ಅದೇ ಮುದಿ ದೋಣಿ ಗೆದ್ದಿತು. ಮುಂದೆ ಇದೆಲ್ಲ ಸಿನಿಮಾ ಆಯಿತು. ಗೋಲ್ಡ್ ಕಪ್ 1979, 1980ರಲ್ಲಿ ಮತ್ತೆ ಇಲ್ಲಿಗೆ ಬಂದಾಗ ಗೆದ್ದವರು ಬಿಲ್ ಮನ್ಸಿ ಮತ್ತು ಡೀನ್ ಚೆನೊವೆತ್. ಊರಿನವರು ಅವೆರಡನ್ನು ನೆನಪಿಸಿಕೊಳ್ಳುವಾಗ ದನಿ ಅಷ್ಟೇನೂ ಏರುವುದಿಲ್ಲ.

1915ರ ಮಿಸ್ ಡೆಟ್ರಾಯಿಟ್ ಒಂದು ವರ್ಷದಲ್ಲಿ ಸಾಹುಕಾರನ ಪಾಲಾಯಿತು. ಮ್ಯಾಡಿಸನ್ ಅರ್ಧ ಶತಮಾನ ಅದೇ ಹೆಸರನ್ನು ಒಂದು ಮೈಯಿಂದ ಇನ್ನೊಂದು ಮೈಗೆ ದಾಟಿಸುತ್ತ ಬಂತು. ದೋಣಿ ಹಳತಾದರೆ ಹೊಸದು, ಪ್ರಾಯೋಜಕರ ಹೆಸರು ಮೈಮೇಲೆ ಯಾವುದೇ ಇರಲಿ, ಊರಿನವರಿಗೆ ಅದು ಮಿಸ್ ಮ್ಯಾಡಿಸನ್. ದೊಡ್ಡ ನಗರಕ್ಕೆ ದೋಣಿ ಒಂದು ಶೋಕಿ, ಮರೆಯಲು ಬೇರೆ ನೂರು ಶೋಕಿಗಳಿವೆ. ಮ್ಯಾಡಿಸನ್ನಿಗೆ ತನ್ನ ಹೆಸರನ್ನು ಬೇರೆ ಊರುಗಳಲ್ಲಿ ಕೂಗಿ ಹೇಳಲು ಇದ್ದದ್ದು ಅದೊಂದೇ.

ಮಧ್ಯಾಹ್ನದ ಅಂತಿಮ ಸುತ್ತಿನ ಫಲಿತಾಂಶ ಬೇಕಾದವರಿಗೆ ಪತ್ರಿಕೆಗಳಿವೆ. ನನಗೆ ಅದರ ಆರಂಭವೇ ಸಾಕಾಯಿತು. ನಿಂತಲ್ಲಿಂದ ಹೊರಡುವ ಓಟ ಇದಲ್ಲ. ದೋಣಿಗಳು ಮೊದಲೇ ನೀರಿನಲ್ಲಿ ಸುತ್ತುತ್ತಿರುತ್ತವೆ. ದಡದ ದೊಡ್ಡ ಗಡಿಯಾರ ಹಿಂದಕ್ಕೆ ಎಣಿಸುತ್ತದೆ. ಶೂನ್ಯ ಆಗುವ ಕ್ಷಣಕ್ಕೆ ಪೂರ್ಣ ವೇಗದಲ್ಲಿ ಗೆರೆಯ ಮೇಲಿರಬೇಕು. ಒಂದು ಸೆಕೆಂಡು ಮುಂಚೆ ದಾಟಿದರೆ ಶಿಕ್ಷೆ, ಒಂದು ಸೆಕೆಂಡು ತಡವಾದರೆ ಮುಂದಿನವರು ಎಬ್ಬಿಸಿದ ನೀರಿನ ಗೋಡೆಯೊಳಗೆ ಕುರುಡಾಗಿ ನುಗ್ಗಬೇಕು. ಸೇತುವೆಯ ಕಡೆಯಿಂದ ಅವು ಸಾಲಾಗಿ ತಿರುಗಿದಾಗ ಮೊದಲು ಕಂಡದ್ದು ಬರೀ ಬಿಳಿ ತುಂತುರು. ಆಮೇಲೆ ಟರ್ಬೈನುಗಳ ಸಿಳ್ಳು. ಆಮೇಲೆ ಎದೆಯೊಳಗೆ ನಡುಕ. ಪ್ರಣವ ಗಡಿಯಾರದ ಜೊತೆ ಜೋರಾಗಿ ಎಣಿಸುತ್ತಿದ್ದ, ಭಾವ ಅವನ ಹೆಗಲು ಹಿಡಿದುಕೊಂಡಿದ್ದರು. ಗಾರ್ ವುಡ್ ಹೇಗೆ ಮೋಸ ಮಾಡಿದರು, ಅಥವಾ ಹೇಗೆ ಎಡವಿದರು, ಆಗ ಕಣ್ಣಿಗೆ ಕಟ್ಟಿತು. ಆ ವೇಗದಲ್ಲಿ ಗಡಿಯಾರ ನೋಡುವುದೇ ಒಂದು ಸಾಹಸ.

ಎರಡು ಸುತ್ತುಗಳ ನಡುವೆ ತಡೆಹಿಡಿದಿದ್ದ ಬಾರ್ಜುಗಳನ್ನು ಬಿಟ್ಟಿದ್ದರು. ಒಂದು ತಳ್ಳುದೋಣಿ ಕಲ್ಲಿದ್ದಲು ತುಂಬಿದ ಹದಿನೈದು ಬಾರ್ಜುಗಳನ್ನು ಕಟ್ಟಿಕೊಂಡು ಸ್ಪರ್ಧೆಯ ಹಾದಿಯ ನಡುವೆಯೇ ಹಾದುಹೋಗಲು ತೆಗೆದುಕೊಂಡ ಹೊತ್ತಿನಲ್ಲಿ ನಾವು ಕರಿದ ಮೀನು ಕೊಂಡು ತಿಂದು ಮುಗಿಸಿದೆವು. ಜನ ಅದಕ್ಕೂ ಚಪ್ಪಾಳೆ ತಟ್ಟಿದರು.

ಸಂಜೆ ಸೇತುವೆಯ ಮೇಲೆ ಕಾರುಗಳ ಸಾಲು ಅಲುಗಾಡಲೇ ಇಲ್ಲ. ಭಾವ ಸ್ಟೀರಿಂಗಿನ ಮೇಲೆ ಬೆರಳಾಡಿಸುತ್ತ ಏನೋ ಲೆಕ್ಕ ಹಾಕುತ್ತಿದ್ದರು. ಕೊನೆಗೆ ಫೋನಿನಲ್ಲಿ ಅಕ್ಕನಿಗೆ, "ನೋಡು, ನಮ್ಮ ಕಡೆ ಎಂಜಿನಿಯರುಗಳಿಗೆ ಬರವಿಲ್ಲ. ತಲೆಗೆ ಇಷ್ಟು ಎಂದು ಹಾಕಿದರೆ ನಾವೂ ಒಂದು ಹಳೆಯ ದೋಣಿ ಕೊಂಡು ಓಡಿಸಬಹುದು" ಎಂದರು.

ಆ ಕಡೆಯಿಂದ ಅಕ್ಕನ ದನಿ ಸ್ಪೀಕರಿನಲ್ಲಿ ಎಲ್ಲರಿಗೂ ಕೇಳಿಸಿತು: "ಓಡಿಸಿ. ಅದಕ್ಕೆ ಮುಂಚೆ ಗ್ಯಾರೇಜಿನಲ್ಲಿರುವ ಹುಲ್ಲು ಕತ್ತರಿಸುವ ಯಂತ್ರ ಸ್ಟಾರ್ಟ್ ಆಗುವ ಹಾಗೆ ಮಾಡಿ."